ಫೋನ್ ಗಟ್ಟಿಯಾಗೇ ಇದೆ, ಅಪ್‌ಡೇಟ್ ಯಾಕೆ ನಿಂತಿತು?

ಕೊಡಿಗೇಹಳ್ಳಿ ಗೇಟ್ ಬಳಿಯ ರಿಪೇರಿ ಅಂಗಡಿಗೆ ಹೋದ್ರೆ ಸ್ಕ್ರೀನ್, ಬ್ಯಾಟರಿ ಬದಲಾಯಿಸಿ ಕೊಡ್ತಾರೆ. ನಿಂತುಹೋದ ಸೆಕ್ಯುರಿಟಿ ಅಪ್‌ಡೇಟ್ ಮಾತ್ರ ಅವರ ಕೈಯಲ್ಲಿಲ್ಲ. ಯಾಕೆ ಅಂತ ತಿಳಿಯೋಕೆ ಲಿನಕ್ಸ್ ಕರ್ನಲ್‌ನ ಒಂದು ಹಳೇ ಜಗಳ ನೋಡಬೇಕು.

ಆಂಡ್ರಾಯ್ಡ್ ಫೋನ್‌ಗಳ ತಳದಲ್ಲಿರುವುದು ಲಿನಕ್ಸ್. ಅದರಲ್ಲಿ ‘ಆರ್ಮ್’ ಚಿಪ್‌ಗಳ ಒಂದೊಂದು ಕುಟುಂಬಕ್ಕೂ ಪ್ರತ್ಯೇಕ ಫೋಲ್ಡರ್ ಇತ್ತು. ಒಳಗೆ ಹೆಚ್ಚುಕಡಿಮೆ ಅವೇ ಹೆಡರ್ ಫೈಲುಗಳ ನಕಲು. ಹೆಡರ್ ಅಂದ್ರೆ ಯಾವ ಸಾಧನ ಯಾವ ವಿಳಾಸದಲ್ಲಿದೆ ಎಂಬಂಥ ವಿವರಗಳನ್ನು ಉಳಿದ ಕೋಡ್‌ಗೆ ತಿಳಿಸುವ ಫೈಲು. ಎಲ್ಲ ಫೋಲ್ಡರಿನಲ್ಲೂ ಅದೇ ಹೆಸರು. ಹಾಗಾಗಿ ಕರ್ನಲ್ ಕಟ್ಟುವಾಗ ಒಂದನ್ನಷ್ಟೇ ಆರಿಸಬಹುದಿತ್ತು. ಒಂದು ನಕಲಿನಲ್ಲಿ ತಪ್ಪು ತಿದ್ದಿದರೂ ಇನ್ನೊಂದರಲ್ಲಿ ಅದು ಹಾಗೇ ಉಳಿಯಬಹುದಿತ್ತು.

2011ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬಹಿರಂಗವಾಗಿಯೇ ಸಿಟ್ಟಾದರು. ಆಮೇಲೆ ಸಮಾನ ಕೋಡ್ ಒಂದೆಡೆ ಸೇರತೊಡಗಿತು. ನಿಜವಾದ ವ್ಯತ್ಯಾಸಗಳು ‘ಡಿವೈಸ್ ಟ್ರೀ’ ಎಂಬ ವಿವರಪಟ್ಟಿಗೆ ಹೋದವು. 2012ರ ಡಿಸೆಂಬರ್‌ನ 3.7 ಆವೃತ್ತಿಯಲ್ಲಿ, ಒಂದೇ ಕರ್ನಲ್ ಹಲವು ಕಂಪನಿಗಳ ಆರ್ಮ್ ಚಿಪ್ ಮೇಲೆ ಓಡುವ ದಾರಿ ತೆರೆಯಿತು.

ಆದರೆ ಕಂಪನಿಗಳು ಮೂಲಕ್ಕೆ ಸೇರಿಸದೆ ತಮ್ಮಲ್ಲೇ ಇಟ್ಟುಕೊಂಡ ಕೋಡ್ ಇನ್ನೂ ಬೇಕಾದಷ್ಟಿದೆ. ಅವರು ಅದನ್ನು ನೋಡಿಕೊಳ್ಳೋದು ಬಿಟ್ಟರೆ ಫೋನ್ ಅನಾಥ. ಹಾಗಾಗಿ ನಮ್ಮ ತೆರಿಗೆ ಹಣದಲ್ಲಿ ಸರ್ಕಾರ ಟ್ಯಾಬ್ಲೆಟ್ ಕೊಳ್ಳುವಾಗ ಬೆಲೆಯ ಜೊತೆಗೆ ಇದನ್ನೂ ಕೇಳಲೇಬೇಕು: ಇದರ ಚಿಪ್‌ನ ಕೋಡ್ ಮೂಲ ಕರ್ನಲ್‌ನಲ್ಲಿ ಇದೆಯಾ?