ಬೆಂಕಿ ಆರಿದ ಮೇಲೆ ಶುರುವಾದ ಕೆಲಸ

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ಎಲ್ಲರಿಗೂ ನೆನಪಿರುತ್ತದೆ. ಗೋಪಾಲಸ್ವಾಮಿ ಬೆಟ್ಟದ ಆಸುಪಾಸಿನಲ್ಲಿ ದಿನಗಟ್ಟಲೆ ಹಬ್ಬಿದ ಬೆಂಕಿಗೆ, ಉಪಗ್ರಹ ಚಿತ್ರಗಳ ಲೆಕ್ಕದಲ್ಲಿ, 10,000 ಎಕರೆಗೂ ಹೆಚ್ಚು ಕಾಡು ಬಲಿಯಾಯಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ದೊಡ್ಡ ಬಕೆಟ್‌ಗಳಲ್ಲಿ ನೀರು ಸುರಿದವು. ಆ ವಾರವೆಲ್ಲ ಟಿವಿಯಲ್ಲಿ ಅದೇ ಸುದ್ದಿ, ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ ಅದೇ ಹೊಗೆ. ಬೇರೆ ದೇಶದ ಯಾವುದೋ ಕಾಡಿನ ಸುಟ್ಟ ಪ್ರಾಣಿಗಳ ಫೋಟೊ ಕೂಡ ಬಂಡೀಪುರದ್ದು ಅಂತ ಹರಿದಾಡಿದವು. ಬೆಂಕಿ ಆರಿತು ಎಂಬ ಸುದ್ದಿ ಬಂದ ಮರುದಿನವೇ ಎಲ್ಲರ ಸ್ಟೇಟಸ್ ಬದಲಾಯಿತು.

ನಾವು ಆರು ಮಂದಿ ಕಾಲೇಜು ಗೆಳೆಯರು ಅಲ್ಲಿಗೆ ಹೋದದ್ದು ಮಾರ್ಚ್ ಮೊದಲ ವಾರದಲ್ಲಿ, ಎನ್ನೆಸ್ಸೆಸ್ ಘಟಕದ ಮೂಲಕ ಅನುಮತಿ ಪಡೆದು. ಬೆಂಕಿ ಆರಿದ ಮೇಲೆ ಹೋಗಿ ಏನು ಮಾಡ್ತೀರಿ ಅಂತ ಮನೆಯಲ್ಲಿ ಕೇಳಿದ್ದರು. ಉತ್ತರ ನಮ್ಮ ಹತ್ತಿರವೂ ಇರಲಿಲ್ಲ.

ಉತ್ತರ ಕೊಟ್ಟದ್ದು ನಮ್ಮ ಜೊತೆ ಬಂದ ಫೈರ್ ವಾಚರ್ ತಾತ. ಕಾಡಂಚಿನ ಸೋಲಿಗರ ಕಾಲೊನಿಯವರು. ಬೆಂಕಿ ಸೀಸನ್ನಿನ ಮೂರ್ನಾಲ್ಕು ತಿಂಗಳು ದಿನಗೂಲಿ ಮೇಲೆ ಕಾಡು ಕಾಯುತ್ತಾರೆ, ಉಳಿದ ದಿನ ಹೊಲದ ಕೂಲಿ. ಕಾಲಿಗೆ ಹವಾಯಿ ಚಪ್ಪಲಿ, ಕೈಯಲ್ಲೊಂದು ಮಚ್ಚು. ನಾವು ಟ್ರೆಕ್ಕಿಂಗ್ ಶೂ ಹಾಕಿಕೊಂಡು ಬೂದಿಯ ಮೇಲೆ ಹೆಜ್ಜೆ ಹುಡುಕಿ ಹುಡುಕಿ ಇಡುತ್ತಿದ್ದರೆ ಅವರು ಮುಂದೆ ಮುಂದೆ ಹೋಗುತ್ತಿದ್ದರು. ಒಂದು ಬಿದ್ದ ಮರದ ಹತ್ತಿರ ನಿಂತು, ಅಂಗೈಯನ್ನು ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು, ‘ಆರೋಗದ ಅನ್ಕಂಡ್ರಾ? ಒಳಗ ಇನ್ನೂ ಉಸಿರಾಡ್ತಾ ಅದ ಕನವ್ವ’ ಅಂದರು. ನಾನೂ ಕೈ ಹಿಡಿದೆ. ಹೊರಗೆ ಹೊಗೆಯಿಲ್ಲ, ಕೆಂಪಿಲ್ಲ. ಆದರೆ ಒಲೆಯ ಮೇಲೆ ಕೈ ಇಟ್ಟಂತಿತ್ತು.

ನಮ್ಮ ಮೊದಲ ಎರಡು ವಾರಾಂತ್ಯಗಳು ಇದರಲ್ಲೇ ಕಳೆದವು. ಟೊಳ್ಳು ಮರ ಒಳಗಿನಿಂದ ಹೊಗೆಗೂಡಿನ ಹಾಗೆ ದಿನಗಟ್ಟಲೆ ಉರಿಯುತ್ತದೆ. ನೀರು ಕಿಲೋಮೀಟರುಗಟ್ಟಲೆ ದೂರ. ಹಾಗಾಗಿ ಮಣ್ಣೇ ನೀರು. ಪೊಟರೆಯ ಬಾಯಿಗೆ ಮಣ್ಣು ತುಂಬಿ ಗಾಳಿ ನಿಲ್ಲಿಸಬೇಕು. ಇಳಿಜಾರಿನಲ್ಲಿ ಬಿದ್ದ ದಿಮ್ಮಿ ಇನ್ನೂ ಕಷ್ಟ. ಅರ್ಧ ಸುಟ್ಟು ಹಗುರಾದ ಮೇಲೆ ಅದು ಉರುಳಿ, ಸುಡದೆ ಉಳಿದ ಹುಲ್ಲಿನ ಮೇಲೆ ಹೋಗಿ ನಿಂತರೆ ಕಥೆ ಮತ್ತೆ ಮೊದಲಿಂದ. ಅದಕ್ಕೆ ದಿಮ್ಮಿಯ ಕೆಳಗಡೆ ಅಡ್ಡಕ್ಕೆ ಸಣ್ಣ ಕಾಲುವೆ ತೋಡಿ, ತೆಗೆದ ಮಣ್ಣನ್ನೇ ದಿಂಡಿನ ಹಾಗೆ ಏರಿಸಬೇಕು. ಅಷ್ಟು ಮಾಡಲು ಆರು ಜನರಿಗೆ ಒಂದು ತಾಸು ಹಿಡಿಯುತ್ತಿತ್ತು, ತಾತ ಮತ್ತು ಅವರ ಜೊತೆಗಾರ ಇಬ್ಬರೇ ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಿದ್ದರು.

ಎಲ್ಲಕ್ಕಿಂತ ಮೋಸದ್ದು ಆನೆ ಲದ್ದಿ. ಒಣಗಿದ ಲದ್ದಿಗೆ ಕಿಡಿ ತಗುಲಿದರೆ ಬತ್ತಿಯ ಹಾಗೆ ಸದ್ದಿಲ್ಲದೆ ಗಂಟೆಗಟ್ಟಲೆ ಸುಡುತ್ತದೆ. ಮಧ್ಯಾಹ್ನದ ಗಾಳಿಗೆ ಅದರ ಪುಡಿ ಹಾರಿ ಬೆಂಕಿ ರೇಖೆಯ ಆಚೆ ಬಿದ್ದರೆ ಮುಗಿಯಿತು. ಬೆಂಕಿ ರೇಖೆ ಅಂದರೆ ದಾರಿಗಳ ಪಕ್ಕ, ಬ್ಲಾಕುಗಳ ನಡುವೆ ಹುಲ್ಲು ತರಗೆಲೆ ಎಲ್ಲ ಕತ್ತರಿಸಿ, ಎಚ್ಚರದಿಂದ ಸುಟ್ಟು ಖಾಲಿ ಮಾಡಿಟ್ಟ ಪಟ್ಟಿ. ಬೇಸಿಗೆಗೆ ಮೊದಲೇ ಇದನ್ನು ಮಾಡಿ ಮುಗಿಸಬೇಕು. ಮುಗಿಯದ ಕಡೆ ಬೆಂಕಿಗೆ ತಡೆಯೇ ಇಲ್ಲ. ಕಾಡಿನ ಬೆಂಕಿಯನ್ನು ಉಪಗ್ರಹ ಗುರುತಿಸಿ ಅರಣ್ಯ ಸಿಬ್ಬಂದಿಯ ಮೊಬೈಲಿಗೆ ಎಚ್ಚರಿಕೆ ಕಳಿಸುವ ವ್ಯವಸ್ಥೆ ಈಗಿದೆ, ನಿಜ. ಆದರೆ ಸಂದೇಶ ಬಂದ ಮೇಲೆ ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಬಡಿಯುವುದು ಮನುಷ್ಯರೇ. 2017ರ ಬೆಂಕಿಯಲ್ಲಿ ಇದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಅರಣ್ಯ ರಕ್ಷಕರೊಬ್ಬರು ಹಾಗೆ ಬಡಿಯುತ್ತಲೇ ಜೀವ ಬಿಟ್ಟರು. ಅವರ ಸುದ್ದಿ ಎತ್ತಿದಾಗ ತಾತ ಮಾತಾಡಲಿಲ್ಲ, ಬೀಡಿ ಹಚ್ಚಲು ತೆಗೆದದ್ದನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ಮೂರನೇ ವಾರ ನಮಗೆ ಸಿಕ್ಕಿದ್ದು ಹೆದ್ದಾರಿ ಬದಿಯ ಕೆಲಸ. ಬಂಡೀಪುರದ ಮಧ್ಯೆ ಎರಡು ಹೆದ್ದಾರಿ ಹಾದುಹೋಗುತ್ತವೆ, ಒಂದು ಊಟಿಗೆ, ಇನ್ನೊಂದು ಕೇರಳಕ್ಕೆ. ರಾತ್ರಿ ಸಂಚಾರಕ್ಕೆ 2009ರಿಂದ ತಡೆಯಿದೆ, ಹಗಲು ಮಾತ್ರ ಸಾಲು ಸಾಲು ಕಾರು. ಪೊದೆ ಸುಟ್ಟುಹೋದ ಜಾಗದಲ್ಲಿ ಇಷ್ಟು ವರ್ಷ ಅದು ಮುಚ್ಚಿಟ್ಟಿದ್ದೆಲ್ಲ ಬಯಲಾಗಿತ್ತು. ಬಿಯರ್ ಬಾಟಲಿಗಳು, ಕರಗಿ ಮುದ್ದೆಯಾದ ಪ್ಲಾಸ್ಟಿಕ್, ಮಕ್ಕಳ ಡೈಪರ್. ಕಾರಿನಿಂದ ಮಂಗನಿಗೆ ಅಂತ ಎಸೆದ ಚಿಪ್ಸ್ ಪ್ಯಾಕೆಟ್ಟನ್ನು ಉಪ್ಪಿನ ಆಸೆಗೆ ಜಿಂಕೆ ತಿನ್ನುತ್ತದೆ. ರಸ್ತೆ ಅಂಚಿನಿಂದ ಹತ್ತು ಹದಿನೈದು ಹೆಜ್ಜೆ ಒಳಗಿನವರೆಗೆ ಮಾತ್ರ ನಮಗೆ ಅನುಮತಿ. ಅಷ್ಟರಲ್ಲೇ ಒಂದು ದಿನಕ್ಕೆ ಹದಿನೆಂಟು ಗೋಣಿಚೀಲ ತುಂಬಿತು. ನಾವು ಹೆಕ್ಕುತ್ತಿರುವಾಗಲೇ ಒಂದು ಕಾರಿನ ಕಿಟಕಿ ಇಳಿಯಿತು, ನೀರಿನ ಖಾಲಿ ಬಾಟಲಿ ನಮ್ಮ ಮುಂದೆಯೇ ಬಿತ್ತು. ನನ್ನ ಗೆಳತಿ ಅದನ್ನು ಎತ್ತಿಕೊಂಡು ಕಾರಿನ ಹಿಂದೆ ಓಡಿದಳು. ಸಿಗಲಿಲ್ಲ ಬಿಡಿ.

ಒಳಗೆ, ಹಳೆಯ ಪೊದೆಯೊಂದರ ಬುಡದಲ್ಲಿ, ವಾಚರ್‌ಗಳಿಗೆ ತಂತಿಯ ಉರುಳು ಸಿಕ್ಕಿತು. ಬೈಕಿನ ಕ್ಲಚ್ ವೈರ್. ಕುಣಿಕೆ ಇನ್ನೂ ತೆರೆದೇ ಇತ್ತು.

ಆ ದಿನಗಳಲ್ಲೇ ಬೇರೊಂದು ತಂಡ ಚೀಲಗಟ್ಟಲೆ ಬೀಜದುಂಡೆ ತಂದಿತ್ತು, ಸುಟ್ಟ ಕಾಡಿಗೆ ಎಸೆಯಲು. ಸಿಬ್ಬಂದಿ ಒಪ್ಪಲಿಲ್ಲ. ತಂದವರಿಗೆ ಬೇಸರವಾಯಿತು, ಆದರೆ ನನಗೆ ಸಿಬ್ಬಂದಿ ಹೇಳಿದ್ದೇ ಸರಿ ಅನ್ನಿಸಿತು. ಇದು ಒಣ ಎಲೆ ಉದುರುವ ಕಾಡು. ಮತ್ತಿ ಮರದ ತೊಗಟೆ ನೋಡಿ, ಮೊಸಳೆ ಚರ್ಮದ ಹಾಗೆ ದಪ್ಪ. ಹೊರಗೆ ಕರಿ ಹಿಡಿದರೂ ಉಗುರಿನಿಂದ ಸ್ವಲ್ಪ ಕೆರೆದರೆ ಒಳಗೆ ಜೀವ ಇರುತ್ತದೆ. ತೇಗ, ದಿಂಡಿಗ ಬುಡದಿಂದ ಮತ್ತೆ ಚಿಗುರುತ್ತವೆ. ಹುಲ್ಲಿನ ಬೇರು ಮಣ್ಣಿನಡಿ ಕಾಯುತ್ತಿರುತ್ತದೆ. ರಾಷ್ಟ್ರೀಯ ಉದ್ಯಾನ ಅಂದರೆ ಪಾರ್ಕ್ ಅಲ್ಲ, ಸುಟ್ಟ ಕೂಡಲೇ ಎಲ್ಲಿಂದಲೋ ತಂದ ಸಸಿ ನೆಟ್ಟು ಭರ್ತಿ ಮಾಡುವುದಕ್ಕೆ. ಅಲ್ಲಿ ನಿಜಕ್ಕೂ ಹೋದದ್ದು ಓಡಲಾರದವುಗಳು. ಆನೆ, ಹುಲಿ ದೂರ ಸರಿಯುತ್ತವೆ, ಆಮೆ ಎಲ್ಲಿಗೆ ಹೋಗಬೇಕು? ಅದರ ಖಾಲಿ ಚಿಪ್ಪೊಂದನ್ನು ನಾವೇ ನೋಡಿದೆವು.

ಬೆಂಕಿಯಿಂದ ಲಾಭ ಆಗುವುದು ಲಂಟಾನಕ್ಕೆ. ಚಂದದ ಹೂವಿನ ಗಿಡ ಅಂತ ಬ್ರಿಟಿಷರ ಕಾಲದಲ್ಲಿ ಹೊರಗಿನಿಂದ ಬಂದದ್ದು, ಈಗ ಬಂಡೀಪುರದ ಬಹುಭಾಗವನ್ನು ನುಂಗಿ ಕೂತಿದೆ. ಒಣಗಿದಾಗ ಸೌದೆಯ ಹಾಗೆ ಉರಿಯುತ್ತದೆ, ಬೆಂಕಿಯನ್ನು ನೆಲದಿಂದ ಮರದ ಕೊಂಬೆಗೆ ಏರಿಸುತ್ತದೆ. ಎಲ್ಲ ಸುಟ್ಟ ಮೇಲೆ ಬೇರಿನಿಂದ ಎಲ್ಲರಿಗಿಂತ ಮೊದಲು ಅದೇ ಚಿಗುರುತ್ತದೆ. ಅದರಡಿ ಹುಲ್ಲು ಬೆಳೆಯುವುದಿಲ್ಲ, ಹುಲ್ಲಿಲ್ಲದ ಕಡೆ ಜಿಂಕೆ, ಕಾಟಿ ನಿಲ್ಲುವುದಿಲ್ಲ.

ಒಂದು ಮಧ್ಯಾಹ್ನ ಮಜ್ಜಿಗೆ ಕುಡಿಯುತ್ತ ಕೂತಾಗ ತಾತ ಹೇಳಿದ್ದು ನನಗೆ ಹೊಸದು. ‘ನಮ್ಮಪ್ಪನ ಕಾಲದಲ್ಲಿ ನಾವೇ ಬೆಂಕಿ ಹಾಕ್ತಿದ್ದೊ. ತರಗು ಬೆಂಕಿ. ಹುಲ್ಲು ಪೂರಾ ಒಣಗೋಕ್ ಮುಂಚೆ, ಮೊಣಕಾಲುದ್ದ ಬೆಂಕಿ. ಬರೀ ತರಗು ಸುಡ್ತಿತ್ತು, ಮರ ಮುಟ್ತಿರ್ನಿಲ್ಲ. ಈಗ ಹಾಕುದ್ರ ಜೈಲು.’ ಸೋಲಿಗರ ಈ ತರಗು ಬೆಂಕಿಯ ಬಗ್ಗೆ ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ ಸಂಶೋಧಕರು ಕೂಡ ಬರೆದಿದ್ದಾರೆ. 1974ರಲ್ಲಿ ಅಲ್ಲಿ ಅಭಯಾರಣ್ಯ ಘೋಷಣೆಯಾದ ಮೇಲೆ ಅದು ನಿಂತಿತು, ಆಮೇಲೆಯೇ ಲಂಟಾನ ಈ ಮಟ್ಟಕ್ಕೆ ಹೆಚ್ಚಿತು ಎನ್ನುವುದು ಸೋಲಿಗರ ವಾದ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಲಂಟಾನ ಇಷ್ಟು ತುಂಬಿದ ಕಾಡಿನಲ್ಲಿ ಈಗ ಮೊಣಕಾಲುದ್ದದ ಬೆಂಕಿ ಮೊಣಕಾಲುದ್ದವೇ ಉಳಿಯುತ್ತದೆ ಅನ್ನುವ ಧೈರ್ಯ ನನಗೂ ಇಲ್ಲ. ಆದರೆ ಬೆಂಕಿ ಎಂದರೆ ಯಾವುದು, ಯಾವ ತಿಂಗಳಿನದು ಅಂತ ಕೇಳುವ ಮನುಷ್ಯನನ್ನು ದಿನಗೂಲಿಗೆ ಬಡಿಯಲು ಮಾತ್ರ ಕರೆಯುತ್ತೇವೆ, ಯೋಜನೆ ಮಾಡುವಾಗ ಕರೆಯುವುದಿಲ್ಲ ಎಂಬುದು ನನ್ನನ್ನು ಈಗಲೂ ಚುಚ್ಚುತ್ತದೆ.

ಏಪ್ರಿಲ್‌ನಲ್ಲಿ ಕಾಡಂಚಿನ ಒಂದು ಹಳ್ಳಿಗೆ ಬೀದಿ ನಾಟಕ ಮಾಡಲು ಹೋದೆವು. ‘ಕಾಡಿಗೆ ಬೆಂಕಿ ಹಚ್ಚಬೇಡಿ’ ಎಂಬುದು ಸಾರಾಂಶ. ತಮಟೆ ಬಡಿದು ಜನ ಸೇರಿಸಿದ್ದಾಯಿತು, ಇನ್ನೂ ಮೊದಲ ದೃಶ್ಯ ಮುಗಿದಿಲ್ಲ, ಹೆಗಲ ಮೇಲೆ ಟವೆಲ್ ಹಾಕಿದ್ದ ಒಬ್ಬರು ಎದ್ದು ನಿಂತರು. ‘ಕಾಡು ಸುಟ್ರ ಮೈಸೂರಿಂದ, ಬೆಂಗಳೂರಿಂದ ಬತ್ತೀರಿ. ನನ್ ಬಾಳೆ ತೋಟ ಆನೆ ತುಳಿದಾಗ ಯಾರ್ ಬಂದ್ರಿ? ಬೆಂಕಿ ಹಚ್ಚೋನು ನಾನಲ್ಲ. ಆದ್ರ ಆರ್ಸಕ್ಕ ನಾನ್ ಯಾಕ ಓಡ್ಬೇಕು ಹೇಳಿ’ ಅಂದರು. ಅವರ ಮಾತಿಗೆ ಸುತ್ತ ನಿಂತವರು ತಲೆಯಾಡಿಸಿದರು.

ನಮ್ಮ ನಾಟಕದಲ್ಲಿ ಈ ಪ್ರಶ್ನೆಗೆ ಸಂಭಾಷಣೆ ಇರಲಿಲ್ಲ. ತಮಟೆ ಕೆಳಗಿಟ್ಟು ಅರಳಿಕಟ್ಟೆ ಮೇಲೆ ಕೂತೆವು. ಎರಡು ಗಂಟೆ ಅವರು ಹೇಳಿದರು, ನಾವು ಕೇಳಿದೆವು. ಹುಲಿ ಹಿಡಿದ ಹಸುವಿನ ಪರಿಹಾರಕ್ಕೆ ಎಷ್ಟು ಸಲ ಅಲೆಯಬೇಕು, ಫೋಟೊ ತೆಗೆಯುವ ಮೊದಲೇ ಸತ್ತ ಹಸುವಿನ ಉಳಿದ ಭಾಗವೂ ಇಲ್ಲವಾದರೆ ಏನಾಗುತ್ತದೆ, ರಾತ್ರಿ ಅಟ್ಟಣೆ ಮೇಲೆ ಕಾವಲು ಕೂತವನಿಗೆ ಬೆಳಿಗ್ಗೆ ಕೂಲಿಗೆ ಹೋಗುವ ಕಸುವು ಎಲ್ಲಿಂದ ಬರಬೇಕು, ಇಂಥವು. ಒಬ್ಬ ಹೆಂಗಸು, ‘ಕಾಡು ಬೇಡ ಅಂತ ನಾವ್ ಅನ್ನಕಿಲ್ಲ ಕಣವ್ವ, ಮಳೆ ಬರದೇ ಅದ್ರಿಂದ’ ಅಂದರು. ಆಮೇಲಿನ ಎರಡು ಭಾನುವಾರ ನಮ್ಮಲ್ಲಿ ಮೂವರು ಅದೇ ಕಟ್ಟೆ ಮೇಲೆ ಕೂತು ಪರಿಹಾರದ ಅರ್ಜಿ ತುಂಬಿಕೊಟ್ಟರು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್, ಫೋಟೊ. ಇಪ್ಪತ್ತಮೂರು ಅರ್ಜಿ. ಕಾಡಿನ ಸೇವೆ ಮಾಡಲು ಬಂದು ಫಾರಂ ತುಂಬುವುದಾ ಅಂತ ನಮ್ಮಲ್ಲೇ ಒಬ್ಬನಿಗೆ ಕಸಿವಿಸಿ ಇತ್ತು. ನನಗೇನೋ ಆ ಮೂರು ತಿಂಗಳಲ್ಲಿ ಮಾಡಿದ್ದರಲ್ಲಿ ಬೆಂಕಿ ತಡೆಯಲು ಹೆಚ್ಚು ಉಪಯೋಗಕ್ಕೆ ಬರುವುದು ಅದೇ ಅನ್ನಿಸುತ್ತದೆ.

ಬೇಸಿಗೆ ಮಳೆಗೆ ಮೊದಲು ಇನ್ನೊಂದು ಕೆಲಸ ಇತ್ತು. ಮೊದಲ ಜೋರು ಮಳೆಗೆ ಇಳಿಜಾರಿನ ಬೂದಿ, ಸಡಿಲ ಮಣ್ಣು ಎಲ್ಲ ಕೊಚ್ಚಿಕೊಂಡು ಬಂದು ಪ್ರಾಣಿಗಳು ಕುಡಿಯುವ ಕೆರೆಗೆ ಸೇರುತ್ತದೆ. ಸಿಬ್ಬಂದಿ ತೋರಿಸಿದ ಒಂದು ಕೊರಕಲಿಗೆ ಅಡ್ಡಲಾಗಿ ಕಲ್ಲು, ಸುಟ್ಟ ಕೊಂಬೆ ಒಟ್ಟಿ ಸಣ್ಣ ಸಣ್ಣ ತಡೆ ಕಟ್ಟಿದೆವು. ಏಳು ತಡೆಯಲ್ಲಿ ಎರಡು ಮೊದಲ ಮಳೆಗೇ ಕಿತ್ತುಹೋದವು. ಉಳಿದ ಐದರ ಹಿಂದೆ ಕಪ್ಪು ಕೆಸರು ಮೊಣಕಾಲು ಮಟ್ಟ ನಿಂತಿತ್ತು.

ಜೂನ್‌ನಲ್ಲಿ ಹೋದಾಗ ಕಾಡು ಗುರುತೇ ಸಿಗದಷ್ಟು ಹಸಿರು. ಈ ಹಸಿರಿಗೆ ಮೋಸ ಹೋಗುವಂತಿಲ್ಲ, ಅರ್ಧ ಲಂಟಾನದ ಚಿಗುರೇ. ನೆಲ ಒದ್ದೆಯಿರುವಾಗಲೇ ಅದನ್ನು ತೆಗೆಯಬೇಕು. ಮೇಲಿಂದ ಕತ್ತರಿಸಿದರೆ ಇಮ್ಮಡಿ ಬೆಳೆಯುತ್ತದೆ. ಬುಡದ ಗಡ್ಡೆಯನ್ನು ಮಣ್ಣಿನಿಂದ ಎರಡು ಬೆರಳು ಕೆಳಗೆ ಗುದ್ದಲಿಯಲ್ಲಿ ಕಡಿದು, ಗಿಡವನ್ನು ತಲೆಕೆಳಗಾಗಿ ಇಟ್ಟರೆ ಬೇರು ಮತ್ತೆ ನೆಲ ಹಿಡಿಯುವುದಿಲ್ಲ. ಎರಡು ದಿನ, ಹದಿನಾಲ್ಕು ಕೈ, ಅಂಗೈ ತುಂಬ ಗುಳ್ಳೆ. ಬಿಡಿಸಿದ್ದು ಹೆಚ್ಚೆಂದರೆ ಒಂದು ವಾಲಿಬಾಲ್ ಅಂಕಣದಷ್ಟು ಜಾಗ. ಬಂಡೀಪುರದ ವಿಸ್ತೀರ್ಣ 870 ಚದರ ಕಿಲೋಮೀಟರಿಗೂ ಹೆಚ್ಚು. ಗೆಳೆಯನೊಬ್ಬ ಮೊಬೈಲಿನಲ್ಲಿ ಭಾಗಾಕಾರ ಮಾಡಲು ಹೋದ, ನಾವು ಕಿತ್ತುಕೊಂಡೆವು.

‘ಎರಡು ವರ್ಷ ಬುಟ್ಟು ಮತ್ತ ಬಂದು ಕೀಳ್ಬೇಕು, ಬೀಜ ಬಿದ್ದದ’ ಅಂದರು ತಾತ. ಬೆಂಕಿ ರೇಖೆಯ ಕೆಲಸ ಡಿಸೆಂಬರ್‌ನಲ್ಲಿ ಶುರುವಾಗುತ್ತದಂತೆ. ಸ್ವಯಂಸೇವಕರು ಬೇಕಾಗುವುದು ಆಗ, ಹೊಗೆ ಎದ್ದ ಮೇಲೆ ಅಲ್ಲ. ಆರು ಜನರಲ್ಲಿ ಒಬ್ಬನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತ್ತು, ಒಬ್ಬಳಿಗೆ ಆಗ ಪರೀಕ್ಷೆ ಇತ್ತು. ಉಳಿದ ನಾಲ್ವರು ಬರುತ್ತೇವೆ ಅಂತ ಹೆಸರು ಕೊಟ್ಟಿದ್ದೆವು. ತಾತನನ್ನು ಕೇಳಿದರೆ ಆ ಸಲ ತಮ್ಮನ್ನು ವಾಚರ್ ಆಗಿ ತೆಗೆದುಕೊಳ್ಳುತ್ತಾರೋ ಇಲ್ಲವೋ ನವೆಂಬರ್‌ವರೆಗೆ ಗೊತ್ತಾಗುವುದಿಲ್ಲ ಅಂದರು.