ಲಾಗಿನ್ ಆಗುತ್ತೆ, ಫೈಲ್ ಹೋಗಲ್ಲ

ಬೆಂಗಳೂರಿನ ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯನ್ನು 2021ರ ಡಿಸೆಂಬರ್ 25ರಂದು ಮುಚ್ಚಿದರು. ಸೇತುವೆಯೊಳಗಿನ ಉಕ್ಕಿನ ಕೇಬಲ್‌ಗಳು ಹಾಳಾಗಿದ್ದವು. 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೇನೋ ದಾರಿ ಬಿಟ್ಟರು, ಆದರೆ ಲಾರಿಗಳು ಮತ್ತೆ ಮೇಲೆ ಹತ್ತಿದ್ದು 2024ರ ಜುಲೈ ಕೊನೆಗೆ. ಅಲ್ಲಿಯತನಕ ಟಿ. ದಾಸರಹಳ್ಳಿಯ ಮಂದಿ ಕಂಡದ್ದು ಕಾರು ಮೇಲೆ, ಲಾರಿ ಕೆಳಗಿನ ಸಿಗ್ನಲ್‌ನಲ್ಲಿ.

ವೆಬ್‌ಸೈಟೊಂದನ್ನು ಹಳೇ ಸರ್ವರ್‌ನಿಂದ ಹೊಸ ಸರ್ವರ್‌ಗೆ ಸಾಗಿಸುವಾಗ ಕೆಲಸ ಅರ್ಧಕ್ಕೇ ನಿಲ್ಲಲು ಹತ್ತಾರು ಕಾರಣಗಳಿರುತ್ತವೆ. ಅವುಗಳಲ್ಲಿ ಅತಿ ಹೆಚ್ಚು ತಲೆ ತಿನ್ನುವುದು ಇದೇ ಜಾತಿಯದು: ಸಣ್ಣದು ದಾಟುತ್ತದೆ, ದೊಡ್ಡದು ದಾಟುವುದಿಲ್ಲ.

ಪೀಣ್ಯ–ದಾಸರಹಳ್ಳಿ ಆಸುಪಾಸಿನ ಸಣ್ಣ ವರ್ಕ್‌ಶಾಪಿನ ಸೈಟು ಎಂದರೆ ಸಾಮಾನ್ಯವಾಗಿ ಏನಿರುತ್ತದೆ? ಗೇರು, ಡೈ, ಫಿಕ್ಸ್ಚರುಗಳ ಫೋಟೊ, ಒಂದು ಪಿಡಿಎಫ್ ಕ್ಯಾಟಲಾಗು, ಗಿರಾಕಿಗಳು ವಿಚಾರಿಸಲು ಒಂದು ಫಾರಂ. ಹೋಸ್ಟಿಂಗ್ ಬಿಲ್ಲು ಏರಿತೆಂದೋ ಸೈಟು ನಿಧಾನವೆಂದೋ ಅದನ್ನು ಬೇರೆ ಕಡೆಗೆ ಒಯ್ಯಲು ಹೊರಡುತ್ತಾರೆ. ಹೊಸ ಸರ್ವರ್‌ಗೆ ಲಾಗಿನ್ ಆಗುತ್ತದೆ, ಚಿಕ್ಕಪುಟ್ಟ ಫೈಲುಗಳು ಹೋಗುತ್ತವೆ. ಕ್ಯಾಟಲಾಗಿನ ಸರದಿ ಬಂದಾಗ ಎಲ್ಲವೂ ಸ್ತಬ್ಧ. ದೋಷದ ಸಂದೇಶವೂ ಇಲ್ಲ. ಪರದೆಯ ಮೇಲಿನ ಶೇಕಡಾವಾರು ಪಟ್ಟಿ ಆಟಕ್ಕುಂಟು ಲೆಕ್ಕಕ್ಕಿಲ್ಲ.

ಜಾಲದಲ್ಲಿ ಮಾಹಿತಿ ಸಾಗುವುದು ಪೊಟ್ಟಣಗಳಲ್ಲಿ. ಈಥರ್‌ನೆಟ್‌ನಲ್ಲಿ ಒಂದು ಪೊಟ್ಟಣ ಸಾಮಾನ್ಯವಾಗಿ 1500 ಬೈಟ್ ಮೀರುವಂತಿಲ್ಲ. ಎರಡು ಸರ್ವರ್‌ಗಳ ನಡುವೆ ವಿಪಿಎನ್ ಸುರಂಗ ಇದ್ದರೆ, ಗುಪ್ತಲಿಪಿಯ ಹೊದಿಕೆಗೂ ಜಾಗ ಬೇಕು. ಹಾಗಾಗಿ ಒಳಗಿನ ಪೊಟ್ಟಣಕ್ಕೆ ಸಿಗುವ ಮಿತಿ ಇಳಿಯುತ್ತದೆ. ವೈರ್‌ಗಾರ್ಡ್ ಎಂಬ ಸುರಂಗದಲ್ಲಿ ಅದು ಸಾಮಾನ್ಯವಾಗಿ 1420 ಬೈಟ್. ಅದಕ್ಕಿಂತ ದೊಡ್ಡ ಪೊಟ್ಟಣ ಬಂದರೆ, ಅದರ ಮೇಲೆ ‘ಒಡೆಯಬೇಡಿ’ ಎಂಬ ಗುರುತಿದ್ದರೆ, ರೌಟರ್ ಅದನ್ನು ಬಿಸಾಡಿ, ‘ಇಷ್ಟು ದೊಡ್ಡದು ಹಿಡಿಸದು’ ಎಂದು ಕಳಿಸಿದವರಿಗೆ ಐಸಿಎಂಪಿ ಮೂಲಕ ತಿಳಿಸಬೇಕು. ಸುರಕ್ಷತೆಯ ಹೆಸರಿನಲ್ಲಿ ಫೈರ್‌ವಾಲ್‌ನವರು ಐಸಿಎಂಪಿಯ ಈ ಸಂದೇಶವನ್ನು ತಡೆದಿದ್ದರೆ ಆ ಮಾತು ತಲುಪುವುದಿಲ್ಲ. ಕಳಿಸುವ ಸರ್ವರ್ ಅದೇ ಪೊಟ್ಟಣವನ್ನು ಮತ್ತೆ ಮತ್ತೆ ಕಳಿಸುತ್ತದೆ, ಪ್ರತಿ ಸಲವೂ ಕಾಯುವ ಹೊತ್ತನ್ನು ಸುಮಾರು ದುಪ್ಪಟ್ಟು ಮಾಡಿಕೊಳ್ಳುತ್ತಾ. ಭಾರಿ ವಾಹನ ನಿಷೇಧದ ಫಲಕವನ್ನು ಯಾರೋ ಕಿತ್ತಿಟ್ಟಂತಾಯಿತು.

ಇದನ್ನು ಪಿಂಗ್‌ನಿಂದಲೇ ಹಿಡಿಯಬಹುದು. ‘ಒಡೆಯಬೇಡಿ’ ಗುರುತು ಹಾಕಿ 1472 ಬೈಟ್ ಕಳಿಸಿ ನೋಡಬೇಕು. ತಲೆಬರಹದ 28 ಸೇರಿ 1500 ಆಗುತ್ತದೆ. ಉತ್ತರ ಬರಲಿಲ್ಲ, ಆದರೆ 1392ಕ್ಕೆ ಬಂತು ಎಂದರೆ ಕಳ್ಳ ಸಿಕ್ಕಿದ. ಎರಡೂ ತುದಿಯಲ್ಲಿ ಪೊಟ್ಟಣದ ಮಿತಿಯನ್ನು ತಗ್ಗಿಸಿದರೆ ಕ್ಯಾಟಲಾಗು ಸರಾಗವಾಗಿ ಹೊರಡುತ್ತದೆ.

ಉಳಿದ ಕಾರಣಗಳು ಇಷ್ಟು ರಸವತ್ತಾಗಿಲ್ಲ. ಬ್ರೌಸರ್ ಮೂಲಕ ಡೇಟಾಬೇಸ್ ತುಂಬುವಾಗ ಪಿಎಚ್‌ಪಿಯ 30 ಸೆಕೆಂಡಿನ ಗಡುವು, 2 ಎಂಬಿಯ ಅಪ್‌ಲೋಡ್ ಮಿತಿ ಅಡ್ಡ ಬರುತ್ತವೆ; ಯಾರೂ ಬದಲಿಸದಿದ್ದರೆ ಪಿಎಚ್‌ಪಿ ಹುಟ್ಟಿನಿಂದ ತರುವ ಅಂಕಿಗಳು ಇವೇ. ಡಿಸ್ಕ್‌ನಲ್ಲಿ ಜಾಗವಿದ್ದೂ ಫೈಲುಗಳ ಸಂಖ್ಯೆಯ ಮಿತಿ ಮುಗಿದಿರಬಹುದು, ಏಕೆಂದರೆ ವರ್ಡ್‌ಪ್ರೆಸ್ ಒಂದೊಂದು ಫೋಟೊಗೂ ಹಲವು ಗಾತ್ರದ ನಕಲು ಮಾಡಿಡುತ್ತದೆ. ಎಲ್ಲಕ್ಕೂ ಮೊದಲು ತೆರೆಯಬೇಕಾದದ್ದು ಎರಡೂ ಸರ್ವರ್‌ಗಳ ಲಾಗ್. ‘ಮತ್ತೊಮ್ಮೆ ಪ್ರಯತ್ನಿಸಿ’ ಗುಂಡಿಯನ್ನು ಒತ್ತುತ್ತಾ ಕೂರುವುದು ಪತ್ತೆದಾರಿಕೆಯಲ್ಲ, ಹರಕೆ.

ನಿಂತ ಸಾಗಣೆಯನ್ನು ಮೊದಲಿನಿಂದ ಶುರು ಮಾಡಬೇಕಾಗಿಯೂ ಇಲ್ಲ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಸ್ 1996ರಲ್ಲಿ ಹೊರತಂದ ಆರ್‌ಸಿಂಕ್ ಇಂಥದ್ದಕ್ಕೇ ಇರುವ ಸಾಧನ. ಎರಡೂ ಕಡೆಯ ಫೈಲುಗಳನ್ನು ಹೋಲಿಸಿ, ವ್ಯತ್ಯಾಸವನ್ನಷ್ಟೇ ಕಳಿಸುತ್ತದೆ. ಅರ್ಧ ಬಂದ ಫೈಲನ್ನು ಉಳಿಸಿಕೊಳ್ಳುವಂತೆ ಮಾತ್ರ ಅದಕ್ಕೆ ಮೊದಲೇ ಹೇಳಿರಬೇಕು.

ಕನ್ನಡದ ಸೈಟಾದರೆ ಇನ್ನೊಂದು ಗಂಡಾಂತರ. ಯುಟಿಎಫ್-8ರಲ್ಲಿ ‘ಕ’ ಎಂದರೆ 224, 178, 149 ಎಂಬ ಮೂರು ಬೈಟು. ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ 8.0 ಆವೃತ್ತಿ ಬರುವ ತನಕ ಹುಟ್ಟುಲಿಪಿ ಲ್ಯಾಟಿನ್-1. ಹೇಳದೆ ಬಿಟ್ಟರೆ ಆ ಮೂರು ಬೈಟುಗಳನ್ನು ಅದು ಮೂರು ಬೇರೆ ಅಕ್ಷರವೆಂದು ಓದುತ್ತಿತ್ತು. ಸ್ಥಳಾಂತರದ ನಂತರ ಪುಟದ ತುಂಬ ವಿಚಿತ್ರ ರೋಮನ್ ಅಕ್ಷರಗಳು ಕಂಡರೆ ಗಾಬರಿ ಬೇಡ, ಬೈಟುಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ, ಓದುವ ಬಗೆ ಸರಿಪಡಿಸಿದರಾಯಿತು. ಡೇಟಾಬೇಸಿನೊಳಗೇ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು ಕೂತಿದ್ದರೆ ಮೂಲ ಅಕ್ಷರ ಹೋಯಿತೆಂದೇ ಅರ್ಥ. ಹಳೇ ಪ್ರತಿಯೇ ಗತಿ.

ಎಲ್ಲ ಸಾಗಿದ ಮೇಲೂ ಕೆಲವರಿಗೆ ಹಳೇ ಸೈಟೇ ಕಾಣುತ್ತಿರುತ್ತದೆ. ಅದು ಸೈಟಿನ ಹೆಸರಿಗೆ ಸರ್ವರ್‌ನ ವಿಳಾಸ ಹೇಳುವ ಡಿಎನ್‌ಎಸ್‌ನ ಕೆಲಸ. ವಿಳಾಸವನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕೆಂದು ಅದರಲ್ಲೇ ಬರೆದಿರುತ್ತದೆ. 86,400 ಸೆಕೆಂಡ್ ಎಂದಿದ್ದರೆ ಪೂರ್ತಿ ಒಂದು ದಿನ. ಆ ಹೊತ್ತಿನಲ್ಲಿ ಬಂದ ವಿಚಾರಣೆಗಳು ಎರಡು ಸರ್ವರ್‌ಗಳಲ್ಲಿ ಹಂಚಿಹೋಗುತ್ತವೆ. ಬಲ್ಲವರು ಎರಡು ದಿನ ಮುಂಚೆಯೇ ಅದನ್ನು 300ಕ್ಕೆ ಇಳಿಸಿ, ಮೇಲ್‌ನ ವಿಳಾಸವನ್ನೂ ನೋಡಿಕೊಂಡು, ಹಳೇ ಸರ್ವರನ್ನು ಕೆಲವು ವಾರ ಉಳಿಸಿಕೊಳ್ಳುತ್ತಾರೆ.

ಹೀಗೆ ಜೋಪಾನ ಮಾಡದಿದ್ದರೆ ದೊಡ್ಡವರೂ ಮುಗ್ಗರಿಸುತ್ತಾರೆ. ಮೂರು ವರ್ಷಕ್ಕಿಂತ ಹಿಂದೆ ಹಾಕಿದ ಹಾಡು, ಫೋಟೊ, ವಿಡಿಯೊಗಳು ಸರ್ವರ್ ಸ್ಥಳಾಂತರದಲ್ಲಿ ಹಾಳಾಗಿ ಹೋಗಿರಬಹುದೆಂದು ಸಾಮಾಜಿಕ ಜಾಲತಾಣ ಮೈಸ್ಪೇಸ್ ಒಪ್ಪಿಕೊಂಡ ಸುದ್ದಿ ಹೊರಬಿದ್ದದ್ದು 2019ರ ಮಾರ್ಚ್‌ನಲ್ಲಿ. ವಿಕಿಪೀಡಿಯ ನಡೆಸುವ ವಿಕಿಮೀಡಿಯಾ ಇದಕ್ಕೆ ತದ್ವಿರುದ್ಧ. 2016ರ ಏಪ್ರಿಲ್‌ನಲ್ಲಿ ವರ್ಜೀನಿಯಾದ ಸರ್ವರ್‌ಗಳಿಂದ ಟೆಕ್ಸಾಸ್‌ನ ಸರ್ವರ್‌ಗಳಿಗೆ ಇಡೀ ಸಂಚಾರವನ್ನು ತಿರುಗಿಸಿ ನೋಡಿದ ಅದು, ಈಗ ವರ್ಷಕ್ಕೆರಡು ಸಲ ಇದೇ ತಾಲೀಮು ನಡೆಸುತ್ತದೆ. ಕನ್ನಡ ವಿಕಿಪೀಡಿಯವೂ ಅದರೊಂದಿಗೇ ಹೋಗುತ್ತದೆ. ಕೆಲವೇ ನಿಮಿಷ ತಿದ್ದುಪಡಿ ಬಂದ್, ಓದು ಎಂದಿನಂತೆ.