ತಂತ್ರಾಂಶದ ಅಗತ್ಯಗಳ ಜಾಡು ಹಿಡಿದು

ವಿಮಾನವಿರಲಿ, ಕಾರಿರಲಿ, ಆಸ್ಪತ್ರೆಯ ಉಪಕರಣವಿರಲಿ, ಬ್ಯಾಂಕಿನ ಲೆಕ್ಕಪತ್ರ ವ್ಯವಸ್ಥೆಯಿರಲಿ, ಕಟ್ಟಬೇಕಾದ ವಸ್ತು ಏನನ್ನು ಮಾಡಬೇಕು, ಎಷ್ಟು ಬೇಗ ಮಾಡಬೇಕು, ಏನನ್ನು ಮಾಡಲೇಬಾರದು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳುವುದು ಎಂಜಿನಿಯರಿಂಗ್ ಯೋಜನೆಗಳ ವಾಡಿಕೆ. ಹೀಗೆ ಬರೆದ ಒಂದೊಂದು ಹೇಳಿಕೆಯನ್ನು ಉದ್ಯಮದವರು ರಿಕ್ವೈರ್‌ಮೆಂಟ್, ಅಂದರೆ ಅಗತ್ಯ, ಎನ್ನುತ್ತಾರೆ. ದೊಡ್ಡ ಯೋಜನೆಗಳಲ್ಲಿ ಇವು ಸಾವಿರಗಟ್ಟಲೆ ಇರುತ್ತವೆ. ಅಗತ್ಯವೊಂದು ಯಾರ ಬೇಡಿಕೆಯಿಂದ ಹುಟ್ಟಿತು, ವಿನ್ಯಾಸದ ಯಾವ ಭಾಗದಲ್ಲಿ ಸೇರಿತು, ಯಾವ ಪ್ರೋಗ್ರಾಮ್ ಅದನ್ನು ನೆರವೇರಿಸುತ್ತದೆ, ಯಾವ ಪರೀಕ್ಷೆ ಅದನ್ನು ರುಜುವಾತುಪಡಿಸಿತು ಎಂಬ ಕೊಂಡಿಗಳನ್ನು ಕಡಿಯದಂತೆ ಕಾಯ್ದುಕೊಳ್ಳುವ ಕೆಲಸಕ್ಕೆ ಟ್ರೇಸೆಬಿಲಿಟಿ ಎಂದು ಹೆಸರು. ಈ ವಿಷಯದ ಬಗ್ಗೆ 1994ರಲ್ಲಿ ಒರ್ಲೇನಾ ಗೋಟೆಲ್ ಮತ್ತು ಆಂತೊನಿ ಫಿಂಕೆಲ್‌ಸ್ಟೈನ್ ಪ್ರಕಟಿಸಿದ ಪ್ರಬಂಧ ಇಂದಿಗೂ ಉಲ್ಲೇಖಗೊಳ್ಳುತ್ತಿದೆ. ಜಾಡನ್ನು ಅವರು ಎರಡಾಗಿ ವಿಂಗಡಿಸಿದರು: ಅಗತ್ಯವು ಕಾಗದಕ್ಕೆ ಇಳಿಯುವ ಮೊದಲಿನದು ಒಂದು, ಇಳಿದ ನಂತರದ್ದು ಇನ್ನೊಂದು. ಹೆಚ್ಚಿನ ತೊಂದರೆಗಳು ಹುಟ್ಟುವುದು ಮೊದಲನೆಯದು ಅಳಿಸಿಹೋಗುವುದರಿಂದ ಎಂಬುದು ಅವರ ತೀರ್ಮಾನವಾಗಿತ್ತು.

ಆ ತೀರ್ಮಾನಕ್ಕೆ ಎರಡೇ ವರ್ಷಗಳಲ್ಲಿ ದುಬಾರಿಯಾದ ಪುರಾವೆ ದೊರೆಯಿತು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂ ಉಡ್ಡಯನ ಕೇಂದ್ರದಿಂದ ಮೊದಲ ಬಾರಿಗೆ ಮೇಲೇರಿದ ಯುರೋಪಿನ ಏರಿಯಾನ್ 5 ರಾಕೆಟ್ ಸುಮಾರು 40 ಸೆಕೆಂಡುಗಳಲ್ಲಿ ದಾರಿ ತಪ್ಪಿ, ಹೊತ್ತಿದ್ದ ನಾಲ್ಕು ಕ್ಲಸ್ಟರ್ ಉಪಗ್ರಹಗಳ ಸಮೇತ ಆಕಾಶದಲ್ಲೇ ಒಡೆದು ಚೂರಾಯಿತು. 64 ಬಿಟ್‌ಗಳ ಸಂಖ್ಯೆಯೊಂದನ್ನು 16 ಬಿಟ್‌ಗಳ ಜಾಗಕ್ಕೆ ಪರಿವರ್ತಿಸಲು ಹೋದಾಗ ಅದು ಹಿಡಿಸಲಿಲ್ಲ ಎಂಬುದು ಪಠ್ಯಪುಸ್ತಕಗಳು ಹೇಳುವ ಕಾರಣ. ಅದು ನಿಜವೇ, ಆದರೆ ಅರ್ಧ ನಿಜ. ಆ ಲೆಕ್ಕಾಚಾರವೇ ಏರಿಯಾನ್ 5ಕ್ಕೆ ಬೇಕಿರಲಿಲ್ಲ. ರಾಕೆಟ್ಟಿನ ದಿಕ್ಕು ಮತ್ತು ಚಲನೆಯನ್ನು ಅಳೆಯುವ ಸಾಧನವನ್ನು ಉಡಾವಣೆಗೆ ಮುನ್ನ ಹೊಂದಿಸುವ ಆ ಕ್ರಿಯೆಗೆ, ರಾಕೆಟ್ ನೆಲ ಬಿಟ್ಟ ಮೇಲೆ ಅರ್ಥವಿಲ್ಲ. ಹಿಂದಿನ ಏರಿಯಾನ್‌ಗಳಲ್ಲಿ ಕ್ಷಣಗಣನೆ ಕೊನೆಯ ಸೆಕೆಂಡುಗಳಲ್ಲಿ ನಿಂತುಹೋದರೆ ಸಾಧನವನ್ನು ಮತ್ತೆ ಹೊಂದಿಸಲು 45 ನಿಮಿಷ ಅಥವಾ ಅದಕ್ಕೂ ಹೆಚ್ಚು ಹಿಡಿಯುತ್ತಿದ್ದುದರಿಂದ, ಗಣನೆಯನ್ನು ಬೇಗನೆ ಮುಂದುವರಿಸಲು ಅನುಕೂಲವಾಗಲೆಂದು ಆ ಲೆಕ್ಕಾಚಾರವನ್ನು ರಾಕೆಟ್ ಮೇಲೇರಿದ ನಂತರವೂ ಸ್ವಲ್ಪ ಹೊತ್ತು ನಡೆಯಗೊಡುವ ಏರ್ಪಾಡು ಇತ್ತು. ಏರಿಯಾನ್ 5ರ ಸಿದ್ಧತಾ ಕ್ರಮವೇ ಬೇರೆಯಾದುದರಿಂದ ಈ ಏರ್ಪಾಡು ಅನಗತ್ಯವಾಗಿದ್ದರೂ, ಚೆನ್ನಾಗಿ ನಡೆಯುತ್ತಿರುವ ತಂತ್ರಾಂಶವನ್ನು ಕೆದಕುವುದು ಬೇಡವೆಂದು ಅದನ್ನು ಹಾಗೆಯೇ ಉಳಿಸಿಕೊಳ್ಳಲಾಯಿತು.

ಝಾಕ್-ಲೂಯಿ ಲಿಯಾನ್ಸ್ ಅಧ್ಯಕ್ಷತೆಯ ತನಿಖಾ ಮಂಡಳಿಯ ವರದಿಯಲ್ಲಿ ಇನ್ನೂ ಸೂಕ್ಷ್ಮವಾದ ಸಂಗತಿಗಳಿವೆ. ಪರಿವರ್ತನೆಯ ವೇಳೆ ಅಪಾಯ ಒಡ್ಡಬಹುದಾದ ಏಳು ಚರಾಂಶಗಳನ್ನು ಎಂಜಿನಿಯರುಗಳು ಮೊದಲೇ ಗುರುತಿಸಿದ್ದರು. ಕಂಪ್ಯೂಟರಿನ ಕೆಲಸದ ಹೊರೆ ಶೇಕಡಾ 80 ಮೀರಬಾರದೆಂಬ ಮಿತಿ ಇದ್ದುದರಿಂದ ನಾಲ್ಕಕ್ಕೆ ರಕ್ಷಣೆ ಒದಗಿಸಿ ಮೂರನ್ನು ಬಿಟ್ಟರು. ಬಿಟ್ಟದ್ದಕ್ಕೆ ಅವರ ಬಳಿ ಕಾರಣವಿತ್ತು, ಆದರೆ ಅದು ಪ್ರೋಗ್ರಾಮಿನಲ್ಲಿ ಎಲ್ಲಿಯೂ ನಮೂದಾಗಿರಲಿಲ್ಲ. ದಾಖಲೆಗಳ ರಾಶಿಯಲ್ಲಿ ಹೊರಗಿನ ಪರಿಶೀಲಕರ ಕಣ್ಣಿಗೆ ಬೀಳದಂತೆ ಹೂತುಹೋಗಿತ್ತು. ಮಿಗಿಲಾಗಿ, ಆ ಸಾಧನದ ಅಗತ್ಯಪಟ್ಟಿಯಲ್ಲಿ ಏರಿಯಾನ್ 5ರ ಪಥದ ವಿವರಗಳನ್ನೇ ಸೇರಿಸಿರಲಿಲ್ಲ. ಹೊಸ ರಾಕೆಟ್ಟಿನ ಅಡ್ಡವೇಗ ಹಳೆಯದಕ್ಕಿಂತ ಬಹಳ ಬೇಗ ಏರುತ್ತದೆಂಬುದು ಪಥ ರೂಪಿಸಿದವರಿಗೆ ಗೊತ್ತಿತ್ತು, ಆ ಮೌಲ್ಯಕ್ಕೆ ರಕ್ಷಣೆ ಇಲ್ಲವೆಂಬುದು ತಂತ್ರಾಂಶ ಬರೆದವರಿಗೆ ಗೊತ್ತಿತ್ತು, ಎರಡನ್ನೂ ಬೆಸೆಯುವ ಕೊಂಡಿ ಮಾತ್ರ ಇರಲಿಲ್ಲ.

ಜಾಡು ಇನ್ನೊಂದು ದಿಕ್ಕಿನಲ್ಲೂ ಕಡಿಯಬಹುದು. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಮೇಲ್ಮೈಯಿಂದ ಸುಮಾರು 226 ಕಿಲೋಮೀಟರ್ ಎತ್ತರದಲ್ಲಿ ಹಾಯಬೇಕಿದ್ದುದು ಸುಮಾರು 57 ಕಿಲೋಮೀಟರಿಗೆ ಇಳಿದು ನಾಶವಾಯಿತು. ಭೂಮಿಯ ಮೇಲಿನ ತಂತ್ರಾಂಶವೊಂದು ಬಲದ ಲೆಕ್ಕವನ್ನು ನ್ಯೂಟನ್ ಮಾನದಲ್ಲಿ ಕೊಡಬೇಕೆಂದು ಅಗತ್ಯಗಳಲ್ಲಿ ಸ್ಪಷ್ಟವಾಗಿ ಬರೆದಿತ್ತು. ತಂತ್ರಾಂಶ ಪೌಂಡ್ ಮಾನದಲ್ಲಿ ಕೊಟ್ಟಿತು. ಒಂದು ಪೌಂಡ್ ಬಲಕ್ಕೆ ಸುಮಾರು 4.45 ನ್ಯೂಟನ್ ಆಗುವುದರಿಂದ ಲೆಕ್ಕ ಅಷ್ಟು ಪಟ್ಟು ತಪ್ಪಿತು. ಇಲ್ಲಿ ಅಗತ್ಯವಿತ್ತು, ಅದು ಪಾಲನೆಯಾಗಿದೆಯೆಂದು ಕಡೆಯವರೆಗೆ ಒರೆಹಚ್ಚಿ ನೋಡಿದ ಪರೀಕ್ಷೆ ಇರಲಿಲ್ಲ.

ಇಂಥ ಕೊಂಡಿಗಳನ್ನು ಹಿಂದೆ ವರ್ಡ್ ಕಡತಗಳಲ್ಲಿ, ಎಕ್ಸೆಲ್ ಕೋಷ್ಟಕಗಳಲ್ಲಿ ನಿರ್ವಹಿಸುತ್ತಿದ್ದರು; ಈಗಲೂ ನಿರ್ವಹಿಸುವವರಿಗೆ ಕೊರತೆಯಿಲ್ಲ. ಒಂದೇ ಕಡತದ ಹತ್ತು ಪ್ರತಿಗಳು ಇಮೇಲಿನಲ್ಲಿ ಓಡಾಡತೊಡಗಿ, ಹೆಸರಿನ ತುದಿಗೆ ‘ಫೈನಲ್’, ‘ಫೈನಲ್ 2’ ಎಂಬ ಬಾಲಗಳು ಸೇರಿಕೊಂಡ ಮೇಲೆ ಯಾವುದು ಅಧಿಕೃತವೆಂದು ಹೇಳಬಲ್ಲವರು ಇರುವುದಿಲ್ಲ. 1990ರ ದಶಕದಲ್ಲಿ ಬಳಕೆಗೆ ಬಂದು ಮುಂದೆ ಐಬಿಎಂ ಪಾಲಾದ ಡೋರ್ಸ್, ಸೀಮೆನ್ಸ್ ಒಡೆತನದ ಪೊಲಾರಿಯನ್, ಮುಕ್ತ ತಂತ್ರಾಂಶವಾದ ಪ್ರೋಆರ್ ಮೊದಲಾದ ಉಪಕರಣಗಳು ಈ ಗೋಜಲಿಗೆ ಪರಿಹಾರವಾಗಿ ಬಂದವು. ಪ್ರತಿ ಅಗತ್ಯವನ್ನೂ ಬಿಡಿ ದಾಖಲೆಯಾಗಿ ಕಾಣುವುದು, ಅದಕ್ಕೆ ಎಂದಿಗೂ ಬದಲಾಗದ ಸಂಖ್ಯೆಯನ್ನು ಕೊಡುವುದು, ಯಾರು ಯಾವಾಗ ಏನನ್ನು ತಿದ್ದಿದರೆಂಬ ಚರಿತ್ರೆಯನ್ನು ಅಳಿಸಲಾಗದಂತೆ ಇಡುವುದು ಇವುಗಳ ಮೂಲತತ್ತ್ವ.

ಉದಾಹರಣೆಗೆ, ರೋಗಿಯ ರಕ್ತನಾಳಕ್ಕೆ ಅಳತೆಗೆ ತಕ್ಕಂತೆ ಔಷಧ ಹರಿಸುವ ಪಂಪನ್ನು ತಯಾರಿಸಲಾಗುತ್ತಿದೆ ಎಂದು ಭಾವಿಸಬಹುದು. ‘ನಳಿಕೆಯಲ್ಲಿ ಗಾಳಿಗುಳ್ಳೆ ಕಂಡುಬಂದ ಕೂಡಲೇ ಪಂಪು ನಿಲ್ಲಬೇಕು’ ಎಂದು ವೈದ್ಯರು ಕೇಳುತ್ತಾರೆ. ‘ಕೂಡಲೇ’ ಎಂಬುದನ್ನು ಪರೀಕ್ಷಿಸಲು ಬಾರದು. ಆದುದರಿಂದ ಚರ್ಚೆ ನಡೆದು, ‘ಇಂತಿಷ್ಟು ಗಾತ್ರದ ಗುಳ್ಳೆ ಪತ್ತೆಯಾದ 1 ಸೆಕೆಂಡಿನೊಳಗೆ’ ಎಂದು ತಿದ್ದುಪಡಿಯಾಗುತ್ತದೆ. ಆ ಚರ್ಚೆಯೂ ಅದೇ ದಾಖಲೆಯ ಪಕ್ಕದಲ್ಲಿ ಉಳಿಯುತ್ತದೆ. ಈ ಅಗತ್ಯದಿಂದ ಮೇಲಕ್ಕೆ ವೈದ್ಯರ ಬೇಡಿಕೆಗೆ ಒಂದು ಕೊಂಡಿ, ಕೆಳಕ್ಕೆ ಸಂವೇದಕದ ವಿನ್ಯಾಸಕ್ಕೆ, ಪ್ರೋಗ್ರಾಮಿಗೆ, ಪರೀಕ್ಷೆಗೆ ಒಂದೊಂದು ಕೊಂಡಿ. ಆರು ತಿಂಗಳ ಬಳಿಕ ಯಾರಾದರೂ 1 ಸೆಕೆಂಡನ್ನು ಅರ್ಧ ಸೆಕೆಂಡಿಗೆ ಇಳಿಸಿದರೆ, ಕೆಳಗಿನ ಕೊಂಡಿಗಳೆಲ್ಲ ‘ಸಂದೇಹಾಸ್ಪದ’ ಎಂಬ ಗುರುತು ಪಡೆದು ಆಯಾ ಹೊಣೆಗಾರರ ಪರದೆಯ ಮೇಲೆ ಮೂಡುತ್ತವೆ. ಅವರು ನೋಡಿ ಸರಿಯೆಂದು ಒಪ್ಪುವವರೆಗೆ ಗುರುತು ಅಳಿಯುವುದಿಲ್ಲ. ಯಾವ ಪರೀಕ್ಷೆಗೂ ಜೋಡಣೆಯಾಗದ ಅಗತ್ಯಗಳನ್ನೂ ಯಾವ ಅಗತ್ಯಕ್ಕೂ ಜೋಡಣೆಯಾಗದೆ ಅನಾಥವಾಗಿ ಉಳಿದ ಪ್ರೋಗ್ರಾಮುಗಳನ್ನೂ ಉಪಕರಣ ತಾನಾಗಿಯೇ ಪಟ್ಟಿಮಾಡಿ ಕೊಡುತ್ತದೆ. ಎಲ್ಲರೂ ಒಪ್ಪಿದ ಹಂತದಲ್ಲಿ ಇಡೀ ಪಟ್ಟಿಯನ್ನು ಮುಂದೆ ತಿದ್ದಲಾಗದಂತೆ ಮೊಹರು ಮಾಡಿಡುವ ಬೇಸ್‌ಲೈನ್ ಎಂಬ ಸೌಲಭ್ಯವೂ ಇದೆ. ‘ಆಗ ಹೀಗೆ ಹೇಳಿರಲಿಲ್ಲ’ ಎಂಬ ತಕರಾರು ಎದ್ದಾಗ ಅದರ ಬೆಲೆ ತಿಳಿಯುತ್ತದೆ.

ಒಂದು ದೇಶದಲ್ಲಿ ಅಗತ್ಯ ಬರೆದು ಇನ್ನೊಂದರಲ್ಲಿ ತಂತ್ರಾಂಶ ಕಟ್ಟುವ ಈ ಕಾಲದಲ್ಲಿ ಇದು ಬೆಂಗಳೂರಿನ ನಿತ್ಯದ ಕೆಲಸವೂ ಹೌದು. ಬಾಷ್, ಮರ್ಸಿಡಿಸ್-ಬೆಂಜ್‌ನಂಥ ಜರ್ಮನ್ ಸಂಸ್ಥೆಗಳ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳು ಇಲ್ಲಿವೆ. ಕಾರು ತಯಾರಕರೂ ಬಿಡಿಭಾಗ ಪೂರೈಸುವವರೂ ಬೇರೆ ಬೇರೆ ಉಪಕರಣ ಬಳಸಿದರೂ ಅಗತ್ಯಗಳನ್ನು ಸಂಖ್ಯೆ, ಕೊಂಡಿಗಳ ಸಹಿತ ವಿನಿಮಯ ಮಾಡಿಕೊಳ್ಳಲೆಂದು ಜರ್ಮನಿಯ ವಾಹನೋದ್ಯಮದಲ್ಲಿ ಹುಟ್ಟಿದ ರೆಕ್‌ಐಎಫ್ ಎಂಬ ಕಡತಮಾದರಿ 2011ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು.

ಉಪಕರಣ ಕೊಂಡ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯುವುದು ಈ ಕ್ಷೇತ್ರದ ದೊಡ್ಡ ಭ್ರಮೆ. ವಿಮಾನಗಳ ತಂತ್ರಾಂಶಕ್ಕೆ ಡಿಓ-178ಸಿ, ವಾಹನಗಳಿಗೆ ಐಎಸ್‌ಓ 26262 ಎಂಬ ಮಾನಕಗಳು ಎರಡೂ ದಿಕ್ಕಿನ ಜಾಡನ್ನು ಬಯಸುತ್ತವೆ. ಆದರೆ ತಪಾಸಣೆಗೆ ಎರಡು ವಾರವಿರುವಾಗ ತರಾತುರಿಯಲ್ಲಿ ಕೂಡಿಸಿದ ಕೊಂಡಿಗಳು ಕಾಗದದ ಮೇಲೆ ಪರಿಪೂರ್ಣವಾಗಿ ಕಂಡರೂ ಯಾರನ್ನೂ ಯಾವ ಅಪಘಾತದಿಂದಲೂ ಕಾಪಾಡಲಾರವು. ಕೊಂಡಿ ಇದೆಯೇ ಎಂದು ಯಂತ್ರ ಎಣಿಸಬಲ್ಲದು, ಕೊಂಡಿಗೆ ಅರ್ಥವಿದೆಯೇ ಎಂಬುದನ್ನು ಮನುಷ್ಯರೇ ಓದಿ ನಿರ್ಧರಿಸಬೇಕು. ಎಷ್ಟೋ ಕಡೆ ‘ಕಾರಣ’ ಎಂಬ ಅಂಕಣವೇ ಖಾಲಿ ಉಳಿಯುತ್ತದೆ. ಏರಿಯಾನ್ ಪ್ರಕರಣವನ್ನು ಬಲ್ಲವರು ತುಂಬಿಸಬೇಕಾದ ಮೊದಲ ಅಂಕಣ ಅದು.

ತಮ್ಮ ಸಹಕಾರ ಸಂಘಕ್ಕೋ ಶಾಲೆಗೋ ಅಂಗಡಿಗೋ ತಂತ್ರಾಂಶ ಮಾಡಿಸಿಕೊಳ್ಳುವ ಓದುಗರಿಗೂ ಇದರಲ್ಲಿ ಉಪಯೋಗವಿದೆ. ಅವರಿಗೆ ಡೋರ್ಸ್ ಬೇಕಿಲ್ಲ. ಸಂಖ್ಯೆ ಹಾಕಿದ ಅಗತ್ಯಗಳ ಒಂದು ಪಟ್ಟಿ, ಪ್ರತಿಯೊಂದರ ಮುಂದೆ ಅದನ್ನು ಕೇಳಿದವರ ಹೆಸರು, ಕೇಳಿದ ಕಾರಣ, ಅದನ್ನು ಪರೀಕ್ಷಿಸಿ ತೋರಿಸಿದ ದಿನಾಂಕ ಇಷ್ಟಿದ್ದರೆ ಸಾಕು. ಕೊನೆಯ ಕಂತಿನ ಹಣ ಪಾವತಿಸುವ ಮೊದಲು ಆ ಪಟ್ಟಿಯನ್ನು ಕೇಳಿ ಪಡೆಯಬೇಕು.